ಆಟಿ ಮಳೆಯಲ್ಲಿ ಹತ್ತು ದಿನ ಮೌನ

ಆಗಸ್ಟ್ 3ಕ್ಕೆ ಮನೆಗೆ ಬಂದೆ. ಆಟಿ ಅಂದರೆ ನಮ್ಮ ಕಡೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಜೋರು ಮಳೆಯ ತಿಂಗಳು. ಅದರಲ್ಲಿ ಹತ್ತು ದಿನ ಒಂದು ಧ್ಯಾನದ ಜಾಗದಲ್ಲಿ ಮೌನವಾಗಿದ್ದು ಬಂದಿದ್ದೇನೆ. ಹೋಗುವ ಮೊದಲು ಯಾರನ್ನು ಕೇಳಬೇಕು, ಎಂತ ಕೇಳಬೇಕು ಅಂತಲೇ ಗೊತ್ತಿರಲಿಲ್ಲ. ನನ್ನ ಹಾಗೆ ಯೋಚನೆ ಮಾಡುತ್ತಿರುವವರು ಇದ್ದರೆ ಅವರಿಗೆ ಅನುಕೂಲ ಆಗಲಿ ಅಂತ, ಎಲ್ಲ ನೆನಪಿರುವಾಗಲೇ ಬರೆಯುತ್ತಿದ್ದೇನೆ.

ನಮ್ಮೂರು ಮಾದಾಪುರದ ಕಡೆ. ಆರು ಎಕರೆ ಕಾಫಿ ತೋಟ, ಗುಡ್ಡದ ಬುಡದಲ್ಲಿ ಮನೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಮಳೆಗೆ ಗುಡ್ಡಗಳು ಜಾರಿ ಆದ ಅನಾಹುತ ಎಲ್ಲರಿಗೂ ಗೊತ್ತು. ನಮ್ಮ ಮನೆ ಉಳಿಯಿತು. ಎದುರಿನ ಗುಡ್ಡ ಜಾರಿತು. ಬೆಳಗಿನ ಜಾವ, ಹತ್ತಾರು ಲಾರಿಗಳು ಒಟ್ಟಿಗೆ ಕಲ್ಲು ಸುರಿದ ಹಾಗೆ ಒಂದು ಸದ್ದು ಬಂತು. ಅತ್ತೆಯನ್ನು ಎತ್ತಿಕೊಂಡು, ಮಗಳ ಕೈ ಹಿಡಿದುಕೊಂಡು ಉಟ್ಟ ಬಟ್ಟೆಯಲ್ಲಿ ಹೊರಟೆವು. ಹನ್ನೊಂದು ದಿನ ಮಡಿಕೇರಿಯ ಪರಿಹಾರ ಕೇಂದ್ರದಲ್ಲಿದ್ದೆವು.

ಅದಾದ ಮೇಲೆ ನನಗೆ ಮಳೆ ಅಂದರೆ ಆಗುತ್ತಿರಲಿಲ್ಲ. ಕೊಡಗಿನಲ್ಲಿ ಹುಟ್ಟಿ ಬೆಳೆದವಳು ಹೀಗೆ ಹೇಳಿದರೆ ನಂಬುವುದು ಕಷ್ಟ, ಅಲ್ವಾ? ತೋಟದವರ ಮನೆಯಲ್ಲಿ ಮಳೆ ಅಳೆಯುವ ರೈನ್‌ಗೇಜ್ ಇದ್ದೇ ಇರುತ್ತದೆ. ಬೆಳಿಗ್ಗೆ ಒಂದು ಸಲ ಅಳೆದು ಇಂಚು, ಸೆಂಟ್ (ಇಂಚಿನ ನೂರರಲ್ಲಿ ಒಂದು ಭಾಗ) ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆಯುವುದು ರೂಢಿ. ನಾನು ಜೂನ್ ಬಂದರೆ ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಎದ್ದು ಟಾರ್ಚ್ ಹಿಡಿದು ಅಳೆಯಲು ಹೋಗುತ್ತಿದ್ದೆ. ಒಂದು ದಿನಕ್ಕೆ 204.5 ಮಿಲಿಮೀಟರ್, ಅಂದರೆ ಎಂಟು ಇಂಚು ಮುಟ್ಟಿದರೆ ಅದು ರೆಡ್ ಅಲರ್ಟ್‌ನ ಮಳೆ. ಆ ಎಂಟು ತಲೆಯೊಳಗೆ ಕೂತುಬಿಟ್ಟಿತ್ತು. ಮೂರು ವರ್ಷದಿಂದ ಮಳೆಗಾಲದಲ್ಲಿ ನಿದ್ದೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ದೇವರಿಗೆ ಹರಕೆ ಹೊತ್ತೆ. ತಲಕಾವೇರಿಗೆ ಹೋಗಿ ಬಂದೆ. ರಾತ್ರಿ ಎದ್ದು ಕೂತು ಕಾವೇರಮ್ಮ, ಕಾವೇರಮ್ಮ ಅಂತ ನೂರಾರು ಸಲ ಹೇಳಿದೆ. ಹೇಳಿದಷ್ಟೂ ಎದೆ ಬಡಿತ ಜಾಸ್ತಿ ಆಗುತ್ತಿತ್ತು.

ಮೊದಲು ಯೋಚಿಸಿದ್ದು ವಿಪಶ್ಯನ ಧ್ಯಾನದ ಶಿಬಿರಕ್ಕೆ ಹೋಗುವ ಅಂತ. ಗೋಯೆಂಕಾ ಅವರ ಪದ್ಧತಿಯ ಹತ್ತು ದಿನದ ಶಿಬಿರಗಳು ಬೆಂಗಳೂರಿನ ಹತ್ತಿರ ಆಲೂರಿನ ಧಮ್ಮ ಪಫುಲ್ಲ ಕೇಂದ್ರದಲ್ಲಿ ನಡೆಯುತ್ತವೆ. ಬೆಳಗ್ಗೆ ನಾಲ್ಕಕ್ಕೆ ಏಳಬೇಕು, ದಿನಕ್ಕೆ ಸುಮಾರು ಹತ್ತು ಗಂಟೆ ಕೂರಬೇಕು. ಶುಲ್ಕ ಇಲ್ಲ. ಶಿಬಿರ ಮುಗಿಸಿದವರು ಕೊಡುವ ದಾನದಿಂದಲೇ ನಡೆಯುತ್ತದೆ. ದೂರ ಹೋಗಲು ಆಗುವವರು, ಶಿಸ್ತು ಬೇಕು ಅನ್ನುವವರು ಅದನ್ನು ನೋಡಿ. ನನಗೆ ಮಾತ್ರ ಮಳೆ ಬಿಟ್ಟು ಬೆಂಗಳೂರಿಗೆ ಹೋಗಿ ಸಮಾಧಾನ ತಂದುಕೊಂಡರೆ ಉಪಯೋಗ ಇಲ್ಲ ಅನ್ನಿಸಿತು. ಅಷ್ಟರಲ್ಲಿ ತಂಗಿಯ ಓರಗಿತ್ತಿ ಒಬ್ಬರು ದಕ್ಷಿಣ ಕೊಡಗಿನ ಒಂದು ಪುಟ್ಟ ಜಾಗದ ಬಗ್ಗೆ ಹೇಳಿದರು. ಹಳೆಯ ತೋಟದ ಮನೆ, ಎಂಟು ರೂಮು. ನಿವೃತ್ತ ಟೀಚರ್ ಒಬ್ಬರು ನಡೆಸುತ್ತಾರೆ. ಎಲ್ಲರೂ ಅವರನ್ನು ಅಮ್ಮ ಅಂತಲೇ ಕರೆಯುವುದು. ಪ್ರಚಾರ ಬೇಡ ಅಂತ ಅವರು ಕೇಳಿಕೊಂಡದ್ದರಿಂದ ಹೆಸರು, ಊರು ಬರೆಯುತ್ತಿಲ್ಲ.

ಫೋನ್ ಮಾಡಿದ್ದು ಏಪ್ರಿಲ್‌ನಲ್ಲಿ. ಜಾಗ ಸಿಕ್ಕಿದ್ದು ಜುಲೈ 24ಕ್ಕೆ. ನಡುವೆ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ತಪ್ಪು ನನ್ನದೇ. ನಾಲ್ಕು ಪುಟದ ಫಾರಂ ಕಳಿಸಿದರು. ಆಧಾರ್ ಕಾಪಿ, ಎರಡು ಫೋಟೊ, ತುರ್ತಿಗೆ ಇಬ್ಬರ ನಂಬರ್, ತೀರಾ ಅಗತ್ಯ ಇದ್ದರೆ ಮಾತ್ರ ಫೋನ್ ಮಾಡುತ್ತೇವೆ ಅಂತ ಮನೆಯವರ ಸಹಿ. ಇದೆಲ್ಲ ಸುಲಭ. ಮೂರನೇ ಪುಟದಲ್ಲಿ, ಮನಸ್ಸಿಗೆ ಅಥವಾ ನಿದ್ದೆಗೆ ಸಂಬಂಧಪಟ್ಟ ಔಷಧಿ ತೆಗೆದುಕೊಳ್ಳುತ್ತೀರಾ ಅಂತ ಇತ್ತು. ನಾನು ಇಲ್ಲ ಅಂತ ಬರೆದೆ. ಹೌದು ಅಂದರೆ ಸೇರಿಸಿಕೊಳ್ಳುವುದಿಲ್ಲ ಅನ್ನುವ ಹೆದರಿಕೆ. ಎರಡು ವಾರ ಆದ ಮೇಲೆ ಅಮ್ಮ ತಾವೇ ಫೋನ್ ಮಾಡಿ, ಮಳೆಗಾಲದಲ್ಲೇ ಯಾಕೆ ಬರಬೇಕು ಅಂತ ಕೇಳಿದರು. ಹೇಳುತ್ತಾ ಹೇಳುತ್ತಾ ಮಾತ್ರೆಯ ವಿಷಯವೂ ಬಾಯಿಗೆ ಬಂತು. ಅವರು ಬೈಯಲಿಲ್ಲ. "ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳು ಮಗಾ. ಅವರು ಹೋಗಬಹುದು ಅಂತ ಬರೆದುಕೊಟ್ಟರೆ ಬಾ. ಮಾತ್ರೆ ನಿಲ್ಲಿಸಿ ಮಾತ್ರ ಬರಬೇಡ" ಅಂದರು.

ಆ ಕಾಗದಕ್ಕೆ ಒಂದು ತಿಂಗಳು ಹಿಡಿಯಿತು. ಮೊದಲು ಹೋದ ಕ್ಲಿನಿಕ್‌ನಲ್ಲಿ, ಸುಮ್ಮನೆ ಕೂರಲು ಸರ್ಟಿಫಿಕೇಟ್ ಎಂತಕ್ಕೆ ಅಂತ ವಾಪಸ್ ಕಳಿಸಿದರು. ನನಗೆ ಮಾತ್ರೆ ಬರೆದುಕೊಡುವ ಡಾಕ್ಟರು ರಜೆಯಲ್ಲಿದ್ದರು. ಅವರು ಬಂದ ಮೇಲೆ ಅರ್ಧ ಗಂಟೆ ಕೂರಿಸಿ ಕೇಳಿದರು. ಹಳೆಯದೆಲ್ಲ ಒಟ್ಟಿಗೆ ಮೇಲೆ ಬರಬಹುದು, ತಡೆಯಲು ಆಗದಿದ್ದರೆ ಅರ್ಧದಲ್ಲೇ ಎದ್ದು ಬನ್ನಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಅಂತ ಹೇಳಿ ಬರೆದುಕೊಟ್ಟರು. ಈ ಮಾತು ಮುಂದೆ ನನಗೆ ತುಂಬ ಉಪಯೋಗಕ್ಕೆ ಬಂತು. ಫಾರಂನಲ್ಲಿ ಏನನ್ನೂ ಮುಚ್ಚಿಡಬೇಡಿ. ತೀವ್ರ ಖಿನ್ನತೆ ಇರುವವರು, ಇತ್ತೀಚೆಗೆ ದೊಡ್ಡ ಆಘಾತ ಆದವರು ಡಾಕ್ಟರನ್ನು ಕೇಳದೆ ಹೀಗೆ ಹೋಗಲೇಬೇಡಿ.

ಮನೆಯಲ್ಲಿ ಒಪ್ಪಿಸುವುದು ಇನ್ನೊಂದು ಕೆಲಸ. ಗಂಡ ಸರಿ ಅಂದರು. ಅತ್ತೆಗೆ ಸಿಟ್ಟು. "ಆಟಿ ತಿಂಗಳಲ್ಲಿ ಮನೆ ಬಿಟ್ಟು ಹೋಗುವುದಾ? ಹತ್ತು ದಿನ ಬಾಯಿ ಮುಚ್ಚಿ ಕೂತರೆ ತಲೆ ಕೆಡುತ್ತದೆ" ಅಂದರು. ಗಾಂಧೀಜಿ ಸೋಮವಾರ ಮಾತಾಡುತ್ತಿರಲಿಲ್ಲ, ರಮಣ ಮಹರ್ಷಿಗಳು 1896ರಲ್ಲಿ ತಿರುವಣ್ಣಾಮಲೈಯ ಅರುಣಾಚಲಕ್ಕೆ ಹೋದವರು ಎಷ್ಟೋ ಕಾಲ ಮೌನವಾಗಿಯೇ ಇದ್ದರು ಅಂತೆಲ್ಲ ಹೇಳಿ ನೋಡಿದೆ. "ಅವರಿಗೆ ಅತ್ತೆ ಇರಲಿಲ್ಲ" ಅಂದರು. ಕೊನೆಗೆ ಅವರ ಜೊತೆ ಹಗಲು ಇರಲು ಪಕ್ಕದ ಲೈನ್‌ಮನೆಯ (ತೋಟದ ಕೆಲಸದವರ ಸಾಲುಮನೆ) ಹೆಂಗಸೊಬ್ಬಳನ್ನು ಗೊತ್ತು ಮಾಡಿದ ಮೇಲೆ ಸುಮ್ಮನಾದರು. ಮನೆಯಲ್ಲಿ ವಯಸ್ಸಾದವರು ಇದ್ದರೆ ಅವರನ್ನು ಒಪ್ಪಿಸಿಯೇ ಹೋಗಿ. ಇಲ್ಲದಿದ್ದರೆ ಅಲ್ಲಿ ಕೂತು ಇಡೀ ದಿನ ಅವರ ಜೊತೆ ತಲೆಯೊಳಗೆ ಜಗಳ ಆಡುತ್ತೀರಿ.

ಖರ್ಚು ಹೇಳಿಬಿಡುತ್ತೇನೆ. ಊಟ, ವಸತಿ ಹತ್ತು ದಿನಕ್ಕೆ 6,000 ರೂಪಾಯಿ. ಡಾಕ್ಟರಿಗೆ 300, ಹೊಸ ರೇನ್‌ಕೋಟ್‌ಗೆ 450. ಮಡಿಕೇರಿವರೆಗೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಅಲ್ಲಿಂದ ಮುಂದೆ ಪ್ರೈವೇಟ್ ಬಸ್ಸಿಗೆ ಹೋಗಿ ಬರಲು 120. ಕೊನೆಯ ನಾಲ್ಕು ಕಿಲೋಮೀಟರಿಗೆ ಜೀಪು, ಎರಡು ಸಲ ಸೇರಿ 700. ಅತ್ತೆಯ ಜೊತೆಗಿದ್ದವಳಿಗೆ 4,000. ಒಟ್ಟು 11,570. ತೋಟದಲ್ಲಿ ಮಳೆಗಾಲದಲ್ಲಿ ಕೈಯಲ್ಲಿ ದುಡ್ಡು ಇರುವುದಿಲ್ಲ, ಕರಿಮೆಣಸು ಸ್ವಲ್ಪ ಉಳಿಸಿದ್ದನ್ನು ಮಾರಿದೆ.

ಅಲ್ಲಿಗೆ ಹೋದ ಸಂಜೆ ಫೋನ್, ವಾಚು, ಪೆನ್ನು ಎಲ್ಲ ಒಂದು ಬಟ್ಟೆ ಚೀಲಕ್ಕೆ ಹಾಕಿ ಕೊಡಬೇಕು. ಓದುವಂತಿಲ್ಲ, ಬರೆಯುವಂತಿಲ್ಲ. ಒಬ್ಬರ ಮುಖ ಒಬ್ಬರು ನೋಡಿ ಸನ್ನೆ ಮಾಡುವಂತಿಲ್ಲ. ಏನಾದರೂ ಬೇಕಿದ್ದರೆ ಅಡುಗೆಮನೆ ಬಾಗಿಲಲ್ಲಿ ಚೀಟಿ ಬರೆದು ಹಾಕಲು ಒಂದು ಡಬ್ಬಿ ಇರುತ್ತದೆ. ಮೂರನೇ ದಿನದಿಂದ ಅಮ್ಮನ ಹತ್ತಿರ ದಿನಕ್ಕೆ ಹತ್ತು ನಿಮಿಷ ಮಾತಾಡಬಹುದು. ನಾವು ಒಟ್ಟು ಏಳು ಜನ ಇದ್ದೆವು. ಐದಕ್ಕೆ ಗಂಟೆ ಹೊಡೆಯುತ್ತಾರೆ, ಒಂಬತ್ತಕ್ಕೆ ಮಲಗಬೇಕು, ನಡುವೆ ಆರು ಸಲ ಕೂರಬೇಕು. ನೆಲದಲ್ಲಿ ಆಗದಿದ್ದರೆ ಕುರ್ಚಿ ಕೊಡುತ್ತಾರೆ. ಊಟ ನಮ್ಮ ಮನೆಯದೇ ಥರ. ಅಕ್ಕಿ ರೊಟ್ಟಿ, ಗಂಜಿ, ಹುರುಳಿ ಸಾರು, ಎರಡು ದಿನ ಕಣಿಲೆ ಪಲ್ಯ, ಬೆಲ್ಲದ ಕಾಫಿ.

ಮಳೆಗಾಲಕ್ಕೆ ಹೋಗುವವರು ಕಾಟನ್ ಬಟ್ಟೆ ಜಾಸ್ತಿ ತೆಗೆದುಕೊಂಡು ಹೋಗಬೇಡಿ. ಒಣಗುವುದೇ ಇಲ್ಲ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿದ್ದಾರೆ, ಅದರಲ್ಲಿ ಎಲ್ಲರದ್ದೂ ತುಂಬಿರುತ್ತದೆ. ಜಿಗಣೆಗೆ ಉಪ್ಪು ಇಟ್ಟುಕೊಳ್ಳಿ. ಒಳ್ಳೆಯ ಟಾರ್ಚು ಬೇಕೇ ಬೇಕು, ಕರೆಂಟು ಹೋದದ್ದು ಎರಡು ದಿನ ಬರಲಿಲ್ಲ.

ಅಮ್ಮ ಹೇಳಿಕೊಟ್ಟದ್ದು ಮಂತ್ರ ಅಲ್ಲ. ಸುಮ್ನೆ ಕೇಳುವುದು. ಮೊದಲು ಅತ್ಯಂತ ದೂರದ ಸದ್ದು ಯಾವುದು ಅಂತ ಹುಡುಕಿ ಅದನ್ನು ಕೇಳಬೇಕು. ಹೊಳೆ ಇರಬಹುದು, ಎಲ್ಲೋ ಹೋಗುವ ಜೀಪು ಇರಬಹುದು. ಆಮೇಲೆ ಅದಕ್ಕಿಂತ ಹತ್ತಿರದ್ದು. ಆಮೇಲೆ ಅಂಗಳದ್ದು, ಮಾಡಿನದ್ದು, ರೂಮಿನದ್ದು. ಹಾಗೇ ಬರುತ್ತಾ ಬರುತ್ತಾ ತನ್ನ ಉಸಿರು, ಎದೆ ಬಡಿತ. ಅದಕ್ಕೂ ಒಳಗೆ ಏನಾದರೂ ಕೇಳಿದರೆ ಅದು. ಸದ್ದಿಗೆ ಹೆಸರು ಕೊಡಬೇಡಿ, ಒಳ್ಳೆಯದು ಕೆಟ್ಟದ್ದು ಅನ್ನಬೇಡಿ, ಮನಸ್ಸು ಓಡಿ ಹೋದದ್ದು ಗೊತ್ತಾದರೆ ಮತ್ತೆ ದೂರದ ಸದ್ದಿನಿಂದ ಶುರು ಮಾಡಿ. ಇಷ್ಟೇ.

ಇಷ್ಟು ಸುಲಭದ್ದು ಮೊದಲ ಮೂರು ದಿನ ಒಂದು ನಿಮಿಷವೂ ಆಗಲಿಲ್ಲ. ಧಾರಾವಾಹಿಯ ಹಾಡು, ಸೊಸೈಟಿ ಸಾಲದ ಕಂತು, ಮಗಳ ಕಾಲೇಜ್ ಫೀಸು, ಹನ್ನೆರಡು ವರ್ಷದ ಹಿಂದೆ ನಾದಿನಿ ಒಂದು ಮದುವೆಯಲ್ಲಿ ಹೇಳಿದ ಮಾತು. ಆ ಮಾತಿಗೆ ಎಷ್ಟು ಥರ ಉತ್ತರ ಕೊಟ್ಟೆನೋ ಲೆಕ್ಕ ಇಲ್ಲ. ಬಾಯಿ ಮುಚ್ಚಿದರೆ ಮೌನ ಬರುತ್ತದೆ ಅಂದುಕೊಂಡು ಹೋಗಿದ್ದೆ, ಬಾಯಿ ಮುಚ್ಚಿದ ಮೇಲೆ ಗೊತ್ತಾಯಿತು ಒಳಗೆ ಎಂಥ ಸಂತೆ ಅಂತ. ಮೂರನೇ ದಿನ ಸಂಜೆ ಕಾರಣವೇ ಇಲ್ಲದೆ ಅಳು ಬಂತು. ಪಕ್ಕದಲ್ಲಿ ಕೂತಿದ್ದವರೂ ಅಳುತ್ತಿದ್ದರು. ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ. ಅದು ಒಂಥರಾ ಒಳ್ಳೆಯದೇ ಆಯಿತು. ಅಳು ಪೂರ್ತಿ ಮುಗಿಯುವವರೆಗೆ ಅತ್ತದ್ದು ನನ್ನ ಜೀವನದಲ್ಲಿ ಅದೇ ಮೊದಲು.

ನಾಲ್ಕನೇ ದಿನ ಕಿವಿಯೊಳಗೆ ಸಣ್ಣಗೆ ಜೀರುಂಡೆಯಂಥ ಸದ್ದು ಶುರುವಾಯಿತು. ಹೆದರಿಕೆ ಆಯಿತು. ಅಮ್ಮನಿಗೆ ಹೇಳಿದೆ. ಯೋಗದ ಹಳೆಯ ಗ್ರಂಥಗಳಲ್ಲಿ ಒಳಗಿನ ನಾದದ ವಿಷಯ ಇದೆಯಂತೆ. ಮೊದಲು ಸಮುದ್ರ, ಮೋಡ, ಭೇರಿ, ಜಲಪಾತದ ಥರ, ಆಮೇಲೆ ಮದ್ದಳೆ, ಗಂಟೆಯ ಥರ, ಕೊನೆಗೆ ಕಿರುಗೆಜ್ಜೆ, ಕೊಳಲು, ವೀಣೆ, ದುಂಬಿಯ ಥರ ಕೇಳುತ್ತದೆ ಅಂತ. ಹೀಗೆ ಹೇಳಿ ಅಮ್ಮ ತಕ್ಷಣ ಇನ್ನೊಂದು ಮಾತು ಸೇರಿಸಿದರು. "ಅದನ್ನೇ ಹಿಡ್ಕೊಂಡು ಕೂರಬೇಡ. ನಿನಗೆ ಕೇಳಿದ್ದು ಅದೇನಾ, ಸುಮ್ನೆ ಕಿವಿಯದ್ದಾ ನನಗೂ ಗೊತ್ತಿಲ್ಲ. ಮನೆಗೆ ಹೋದ ಮೇಲೂ ಇದ್ದರೆ ಕಿವಿ ಡಾಕ್ಟರಿಗೆ ತೋರಿಸು." ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂದದ್ದು ಈ ಮಾತಿನಿಂದ. ಆ ಸದ್ದು ಈಗ ಇಲ್ಲ.

ಆರನೇ ದಿನ ಮಳೆ ಜೋರಾಯಿತು. ಸಂಜೆಯೇ ಕರೆಂಟು ಹೋಯಿತು. ಮಾತ್ರೆ ತೆಗೆದುಕೊಂಡು ಮಲಗಿದೆ. ನಡುರಾತ್ರಿ ತೋಟದಲ್ಲಿ ಎಲ್ಲೋ ಒಂದು ದೊಡ್ಡ ಮರ ಮುರಿದು ಬಿತ್ತು. ಆ ಸದ್ದಿಗೆ ಎದ್ದವಳು ಏನು ಮಾಡುತ್ತಿದ್ದೇನೆ ಅಂತ ಗೊತ್ತಿಲ್ಲದೆ ಬ್ಯಾಗಿಗೆ ಬಟ್ಟೆ ತುಂಬಿ, ರೇನ್‌ಕೋಟ್ ಹಾಕಿ, ಟಾರ್ಚ್ ಹಿಡಿದು ಜಗಲಿಗೆ ಬಂದೆ. ಕಾಲು ನಡುಗುತ್ತಿತ್ತು. ಮಗಳ ಕೈ ಎಲ್ಲಿ ಅಂತ ಹುಡುಕುತ್ತಿದ್ದೆ. ಮಗಳು ಮಾದಾಪುರದ ಮನೆಯಲ್ಲಿದ್ದಾಳೆ ಅನ್ನುವುದು ನೆನಪಾಗಲು ಎಷ್ಟು ಹೊತ್ತು ಹಿಡಿಯಿತೋ.

ಜಗಲಿಯಲ್ಲಿ ಅಮ್ಮ ಲಾಟೀನು ಇಟ್ಟುಕೊಂಡು ಕೂತಿದ್ದರು. ನಾನು ಎದ್ದು ಬರಬಹುದು ಅಂತ ಅಂದಾಜು ಮಾಡಿದ್ದರಂತೆ, ಆಮೇಲೆ ಹೇಳಿದರು. ಆಗ ಏನೂ ಮಾತಾಡಲಿಲ್ಲ. ಪಕ್ಕದ ಬೆಂಚು ತೋರಿಸಿದರು. ನಾನು ಕೂರಲಿಲ್ಲ. ಡಾಕ್ಟರು ಹೇಳಿದ್ದು ನೆನಪಾಯಿತು, ಎದ್ದು ಹೋಗಬಹುದು, ನಾಚಿಕೆ ಇಲ್ಲ ಅಂತ. ಹೋಗಬಹುದು ಅಂತ ಗೊತ್ತಿದ್ದದ್ದರಿಂದಲೇ ಇರಬೇಕು, ಸ್ವಲ್ಪ ಹೊತ್ತು ಕೂತು ನೋಡುವ ಅನ್ನಿಸಿತು.

ಬೇರೆ ಏನು ಮಾಡಲೂ ತಿಳಿಯದೆ ಆರು ದಿನ ಮಾಡಿದ್ದನ್ನೇ ಮಾಡಿದೆ. ದೂರದ ಸದ್ದು. ಕಣಿವೆಯ ಆಚೆ ಹೊಳೆ. ಹತ್ತಿರ, ಸಿಲ್ವರ್ ಓಕ್ ಮರಗಳಲ್ಲಿ ಗಾಳಿ. ಇನ್ನೂ ಹತ್ತಿರ, ಬಾಳೆ ಎಲೆಯ ಮೇಲೆ ಬೀಳುವ ಮಳೆ. ಅದು ಬೇರೆಯೇ ಸದ್ದು. ಹಂಚಿನ ಮೇಲೆ ಬೀಳುವುದು ಬೇರೆ, ಸೌದೆ ಶೆಡ್ಡಿನ ಶೀಟಿನ ಮೇಲೆ ಬೀಳುವುದು ಬೇರೆ. ಚರಂಡಿಯಲ್ಲಿ ನೀರು ಹೋಗುವುದು, ಮಾಡಿನ ಅಂಚಿನಿಂದ ಒಂದು ತಪಲೆಗೆ ತೊಟ್ಟಿಕ್ಕುವುದು. ಎಷ್ಟು ಥರ ಮಳೆ! ಇದೆಲ್ಲ ನಾನು ಚಿಕ್ಕಂದಿನಲ್ಲಿ ಕೇಳಿದ್ದೆ. ಅಜ್ಜಿಯ ಪಕ್ಕದಲ್ಲಿ ಕಂಬಳಿ ಹೊದ್ದು ಮಲಗಿ ಕೇಳಿದ್ದೆ.

ಆಗ ನನಗೆ ಗೊತ್ತಾದದ್ದು ಇಷ್ಟು. ಇಷ್ಟು ವರ್ಷ ನಾನು ಮಳೆಯನ್ನು ಕೇಳಿಯೇ ಇರಲಿಲ್ಲ. ಮಳೆಯ ಹಿಂದಿನಿಂದ ಬರಬಹುದಾದ ಆ ಇನ್ನೊಂದು ಸದ್ದಿಗೆ, ಆ ಗುಡ್ಡದ ಸದ್ದಿಗೆ ಕಿವಿ ಕೊಟ್ಟು ಕಾಯುತ್ತಾ ಕೂತಿದ್ದೆ. ಕಾವೇರಮ್ಮ ಅಂತ ಹೇಳುತ್ತಿದ್ದದ್ದು ಕೂಡ ಅದು ಕೇಳಿಸದೆ ಇರಲಿ ಅಂತ. ದೇವರ ಹತ್ತಿರ ಬೇಡಿಕೊಂಡೆ, ಬೈದೆ, ಹರಕೆ ಹೇಳಿದೆ, ಒಂದು ದಿನವೂ ಆಕಡೆಯಿಂದ ಏನಾದರೂ ಇದೆಯಾ ಅಂತ ಸುಮ್ಮನೆ ಕೂತು ಕೇಳಲಿಲ್ಲ. ಆ ರಾತ್ರಿ ಏನೂ ಬೇಡಲಿಲ್ಲ. ದೇವರ ಮಾತು ಕೇಳಿಸಿತು ಅಂತ ನಾನು ಹೇಳುವುದಿಲ್ಲ. ಮಳೆ ಬೀಳುತ್ತಿತ್ತು, ಲಾಟೀನು ಉರಿಯುತ್ತಿತ್ತು, ನಾನು ಇದ್ದೆ, ಅಷ್ಟರಲ್ಲಿ ಯಾವುದೂ ಕಡಿಮೆ ಇಲ್ಲ ಅನ್ನಿಸಿತು. ತಲಕಾವೇರಿಯಲ್ಲಿ ಕಾವೇರಿ ಹುಟ್ಟುವ ಕುಂಡಿಕೆಯ ಮುಂದೆ ನಿಂತಾಗ ಬರಬೇಕು ಅಂತ ನಾನು ಆಸೆ ಪಟ್ಟಿದ್ದ ಭಾವ ಅದೇ. ಅಮ್ಮ ಬೆಳಗಾಗುವವರೆಗೆ ಅಲ್ಲೇ ಇದ್ದರು. ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಕೆಡುತ್ತಿತ್ತು ಅನ್ನಿಸುತ್ತದೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಇದನ್ನು ಓದಿ ಯಾರೂ ಮಳೆಯಲ್ಲಿ ಗುಡ್ಡದ ಬುಡದಲ್ಲಿ ಧ್ಯಾನ ಮಾಡಿಕೊಂಡು ಕೂರಬೇಡಿ. ನೆಲದಲ್ಲಿ ಬಿರುಕು ಕಂಡರೆ, ಒರತೆಯ ನೀರು ಇದ್ದಕ್ಕಿದ್ದ ಹಾಗೆ ಕೆಸರಾದರೆ, ಮರ, ಕರೆಂಟು ಕಂಬ ವಾಲಿದರೆ ಹೊರಡಿ. ಜಿಲ್ಲಾಡಳಿತ ಹೊರಡಿ ಅಂದರೆ ಹೊರಡಿ. ಆ ಜಾಗಕ್ಕೆ ಹೋಗುವ ಮೊದಲು ಮನೆ ಎಂಥ ಇಳಿಜಾರಿನಲ್ಲಿದೆ ಅಂತ ನಾನು ಕೇಳಿ ತಿಳಿದುಕೊಂಡೇ ಹೋಗಿದ್ದೆ. ನನ್ನ ಹೆದರಿಕೆಯಲ್ಲಿ ಸತ್ಯವೂ ಇದೆ, ಅದನ್ನು ಅಮ್ಮನೂ ಒಪ್ಪುತ್ತಾರೆ.

ಏಳನೇ ದಿನ ಪೂರ್ತಿ ನಿದ್ದೆ ಬರುತ್ತಿತ್ತು. ಎಂಟನೇ ದಿನ ಮಳೆ ಸ್ವಲ್ಪ ಬಿಟ್ಟಾಗ ಹತ್ತಿರದ ದೇವರಕಾಡಿಗೆ ನಡೆದುಕೊಂಡು ಹೋದೆವು. ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ, ನಮ್ಮೂರಲ್ಲೂ ಒಂದಿದೆ. ಅಲ್ಲಿ ಮರ ಕಡಿಯಬಾರದು, ಗಟ್ಟಿಯಾಗಿ ಮಾತಾಡಬಾರದು ಅಂತ ಅಜ್ಜ ಹೇಳುತ್ತಿದ್ದರು. ದೇವರಿಗೆ ಸಿಟ್ಟು ಬರುತ್ತದೆ ಅಂತ ಆಗ ಅಂದುಕೊಂಡಿದ್ದೆ. ಗುಡಿ ಅಂತ ದೊಡ್ಡದೇನೂ ಇರಲಿಲ್ಲ. ಪಾಚಿ ಹಿಡಿದ ಕಲ್ಲು, ಒಂದೆರಡು ಮಣ್ಣಿನ ನಾಯಿ ಬೊಂಬೆ, ತಲೆ ಎತ್ತಿದರೂ ತುದಿ ಕಾಣದ ಮರಗಳು. ಏಳು ಜನ ಒಂದು ಗಂಟೆ ನಿಂತಿದ್ದೆವು. ಎಲೆಯಿಂದ ಎಲೆಗೆ ನೀರು ಇಳಿಯುವುದು ಕೇಳುತ್ತಿತ್ತು. ಮಾತಾಡಬೇಡ ಅಂತ ಹಿರಿಯರು ಯಾಕೆ ಹೇಳಿದರು ಅಂತ ಅಲ್ಲಿ ನಿಂತಾಗ ಕೇಳಬೇಕಾಗಿಯೇ ಬರಲಿಲ್ಲ. ಎರಡು ಜಿಗಣೆ ಕಚ್ಚಿದ್ದು ವಾಪಸ್ ಬಂದ ಮೇಲೆ ಗೊತ್ತಾಯಿತು.

ಕೊನೆಯ ದಿನ ಬೆಳಿಗ್ಗೆ ಮಾತು ಶುರು ಮಾಡಬಹುದು ಅಂದರು. ಯಾರಿಗೂ ಮನಸ್ಸಿಲ್ಲ. ಗಂಟಲು ಒಡೆದ ಹಾಗಿತ್ತು. ಫೋನ್ ಆನ್ ಮಾಡಿದ ತಕ್ಷಣ ಮೆಸೇಜುಗಳು ಬಂದು ಬಿದ್ದ ರೀತಿಗೆ ಕೈ ನಡುಗಿ ಮತ್ತೆ ಆಫ್ ಮಾಡಿದೆ. ಹೋಗುವವರು ವಾಪಸ್ ಬಂದ ಮೇಲೆ ಎರಡು ದಿನ ಬಿಡುವು ಇಟ್ಟುಕೊಳ್ಳಿ. ಬಸ್ ಸ್ಟ್ಯಾಂಡಿನ ಗಲಾಟೆಯೇ ನನಗೆ ತಡೆಯಲು ಆಗಲಿಲ್ಲ, ಒಂದು ಬಸ್ಸು ಬಿಟ್ಟು ಮುಂದಿನದಕ್ಕೆ ಹತ್ತಿದೆ. ಮಾತ್ರೆ ಇನ್ನೂ ತೆಗೆದುಕೊಳ್ಳುತ್ತಿದ್ದೇನೆ. ಮುಂದಿನ ತಿಂಗಳು ಡಾಕ್ಟರು ನೋಡಿ ಹೇಳುತ್ತಾರೆ. ಬೆಳಿಗ್ಗೆ ಇಪ್ಪತ್ತು ನಿಮಿಷ ಜಗಲಿಯಲ್ಲಿ ಕೂರುತ್ತೇನೆ, ಕೆಲವು ದಿನ ನಾದಿನಿಯ ಮಾತೇ ಬರುತ್ತದೆ.

ಮನೆ ತಲುಪಿದಾಗ ಸಂಜೆ. ಅವತ್ತು ಆಟಿ ಹದಿನೆಂಟು, ಮದ್ದು ಸೊಪ್ಪನ್ನು ಔಷಧಿ ಅಂತ ತಿನ್ನುವ ದಿನ. ಕೊಡವರು ಕಕ್ಕಡ ಅನ್ನುವುದೂ ಇದೇ ತಿಂಗಳನ್ನು. ಅತ್ತೆ ಮದ್ದು ಸೊಪ್ಪಿನ ಪಾಯಸ ಮಾಡಿದ್ದರು, ಅಂಗಳಕ್ಕೇ ಅದರ ವಾಸನೆ ಬರುತ್ತಿತ್ತು. ನನ್ನ ಮುಖ ನೋಡಿ "ತಲೆ ಕೆಟ್ಟ ಹಾಗೆ ಕಾಣುವುದಿಲ್ಲ" ಅಂದು ಒಂದು ದೊಡ್ಡ ಲೋಟ ಕೊಟ್ಟರು. ರಾತ್ರಿ ಮತ್ತೆ ಮಳೆ ಹಿಡಿಯಿತು. ಎರಡು ಸಲ ಎಚ್ಚರ ಆಯಿತು. ಹಂಚಿನ ಮೇಲೆ, ಬಾಳೆಯ ಮೇಲೆ, ಕೊಟ್ಟಿಗೆಯ ಶೀಟಿನ ಮೇಲೆ ಬೀಳುವುದನ್ನು ಕೇಳುತ್ತಾ ಮಲಗಿದೆ. ಬೆಳಿಗ್ಗೆ ಏಳು ಗಂಟೆಗೆ ಹೋಗಿ ಅಳೆದೆ. ಮೂರು ಇಂಚು ನಲವತ್ತು ಸೆಂಟ್. ಪುಸ್ತಕದಲ್ಲಿ ಬರೆದು ಕಾಫಿಗೆ ನೀರಿಟ್ಟೆ.